ಪರದೆಯ ಬೆಳಕಿಗೆ ಯಾವ ಅಳತೆ? ಲೀನಿಯರ್, ಟೇಬಲ್, ಸಿಐಇ: ಆರಿಸುವವರಿಗೊಂದು ಹೋಲಿಕೆ

ಬದಿಯಡ್ಕದ ಅಡಿಕೆ ಅಂಗಡಿಯಲ್ಲಿ ದಿನದ ದರ ತೋರಿಸುವ ಹತ್ತು ಇಂಚಿನ ಪರದೆ, ರಾತ್ರಿಯಿಡೀ ನಡೆಯುವ ಯಕ್ಷಗಾನ ಆಟದಲ್ಲಿ ಭಾಗವತರ ಮುಂದೆ ಪದ್ಯ ತೋರಿಸುವ ಟ್ಯಾಬ್ಲೆಟ್, ಕನ್ನಡ ಮಾಧ್ಯಮ ಶಾಲೆಯ ಲ್ಯಾಬಿನಲ್ಲಿ ಕೈಟ್ ಗ್ನೂ/ಲಿನಕ್ಸ್ ಓಡುವ ಲ್ಯಾಪ್‌ಟಾಪ್. ಮೂರರಲ್ಲೂ ಬೆಳಕು ಏರಿಸಿ ಇಳಿಸುವ ಸ್ಲೈಡರ್ ನೋಡಲಿಕ್ಕೆ ಒಂದೇ ತರ. ಅದರ ಹಿಂದಿನ ಲೆಕ್ಕ ಮಾತ್ರ ಬೇರೆ ಬೇರೆ. ಒಂದರಲ್ಲಿ ಅರ್ಧಕ್ಕೆ ಇಳಿಸಿದರೂ ಬೆಳಕು ಕಡಿಮೆಯಾದ ಹಾಗೇ ಕಾಣುವುದಿಲ್ಲ, ಕೊನೆಯ ಒಂದು ಬೆರಳಷ್ಟು ಜಾಗದಲ್ಲಿ ಎಲ್ಲ ಬೆಳಕೂ ದಬಕ್ಕನೆ ಇಳಿದುಬಿಡುತ್ತದೆ. ಇನ್ನೊಂದರಲ್ಲಿ ಅರ್ಧಕ್ಕೆ ಬರುವ ಮೊದಲೇ ಕತ್ತಲೆ.

ಪರದೆ ಕೆಟ್ಟದ್ದರಿಂದ ಹೀಗಾಗುವುದಲ್ಲ. ಬೆಳಕಿನ ಅಳತೆ ಯಾವ ಜಾತಿಯದ್ದು ಎಂದು ಆಪರೇಟಿಂಗ್ ಸಿಸ್ಟಮ್‌ಗೆ ಸರಿಯಾಗಿ ತಿಳಿಸದೆ ಇದ್ದಾಗ ಹೀಗಾಗುತ್ತದೆ. ಬೋರ್ಡಿಗೆ ಲಿನಕ್ಸ್ ಕೂರಿಸುವವರು ಇಲ್ಲಿಯೇ ತಡವರಿಸುತ್ತಾರೆ: ಡಿವೈಸ್ ಟ್ರೀಯಲ್ಲಿ (ಬೋರ್ಡಿನಲ್ಲಿ ಯಾವ ಹಾರ್ಡ್‌ವೇರ್ ಉಂಟು ಎಂದು ತಿಳಿಸುವ ಫೈಲು) ಬೆಳಕಿನ ಹಂತಗಳ ಟೇಬಲ್ ಬರೆಯುವುದೋ, ಲಿನಕ್ಸಿನ ತಿರುಳಾದ ಕರ್ನಲ್‌ಗೇ ಬಿಡುವುದೋ, ಅಥವಾ ಎಲ್ಲವನ್ನೂ ಮೇಲಿನ ಸಾಫ್ಟ್‌ವೇರಿನಲ್ಲಿ ಸರಿಮಾಡುವುದೋ? ಈ ದಾರಿಗಳನ್ನು ಒಂದೊಂದಾಗಿ ತೂಗಿ ನೋಡೋಣ. ಫೈಲು, ಆಜ್ಞೆಗಳ ಹೆಸರನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ. ಕೀಲಿಮಣೆಯಲ್ಲಿ ಅವನ್ನು ಇಂಗ್ಲಿಷ್ ಅಕ್ಷರದಲ್ಲೇ ಒತ್ತಬೇಕು.

ಕಣ್ಣಿನ ಲೆಕ್ಕ, ದೀಪದ ಲೆಕ್ಕ

ಕತ್ತಲೆ ಕೋಣೆಯಲ್ಲಿ ಒಂದು ಹಣತೆ ಉರಿಯುತ್ತಿದ್ದಾಗ ಎರಡನೆಯದನ್ನು ಹಚ್ಚಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ನೂರು ಹಣತೆಯ ಸಾಲಿಗೆ ನೂರೊಂದನೆಯದು ಸೇರಿದರೆ ಯಾರಿಗೂ ಗೊತ್ತಾಗುವುದಿಲ್ಲ. ಕಣ್ಣು ನೋಡುವುದು ಎಷ್ಟು ಪಾಲು ಹೆಚ್ಚಿತು ಎಂಬುದನ್ನು, ಎಷ್ಟು ಸೇರಿತು ಎಂಬುದನ್ನಲ್ಲ. ಪರದೆಯ ಹಿಂದಿನ ದೀಪ, ಅಂದರೆ ಬ್ಯಾಕ್‌ಲೈಟಿನ ಎಲ್‌ಇಡಿಗೆ ಈ ಗೊಡವೆ ಇಲ್ಲ. ಪಿಡಬ್ಲ್ಯೂಎಂ (ಪಲ್ಸ್ ವಿಡ್ತ್ ಮಾಡ್ಯುಲೇಶನ್) ಎಂಬ ಸಿಗ್ನಲ್ ಅದನ್ನು ಸೆಕೆಂಡಿಗೆ ನೂರಾರು ಅಥವಾ ಸಾವಿರಾರು ಸಲ ಹೊತ್ತಿಸಿ ಆರಿಸುತ್ತದೆ. ಹೊತ್ತಿರುವ ಪಾಲು, ಅಂದರೆ ಡ್ಯೂಟಿ, ಶೇಕಡಾ 50 ಆದರೆ ಹೊರಬರುವ ಬೆಳಕೂ ಹೆಚ್ಚುಕಡಿಮೆ ಅರ್ಧ.

ಇವೆರಡಕ್ಕೆ ನಂಟು ಹಾಕುವ ಸೂತ್ರವನ್ನು ಲಿನಕ್ಸ್ ಕರ್ನಲ್‌ನ ಕೋಡು ಸಿಐಇ 1931 ಎಂಬ ಹೆಸರಿನಲ್ಲಿ ಬಳಸುತ್ತದೆ (ಸಿಐಇ ಎಂದರೆ ಬೆಳಕು, ಬಣ್ಣಗಳ ಅಳತೆಯ ಅಂತರರಾಷ್ಟ್ರೀಯ ಸಂಸ್ಥೆ). ಕಣ್ಣಿಗೆ ಕಾಣುವ ಪ್ರಕಾಶವನ್ನು 0ರಿಂದ 100ರ ಅಳತೆಯಲ್ಲಿ ತೆಗೆದುಕೊಳ್ಳಿ. ಅದು 8ಕ್ಕಿಂತ ಹೆಚ್ಚಿದ್ದರೆ 16 ಕೂಡಿಸಿ, 116ರಿಂದ ಭಾಗಿಸಿ, ಬಂದದ್ದರ ಘನ ಮಾಡಿ. 8 ಅಥವಾ ಅದಕ್ಕಿಂತ ಕಡಿಮೆಯಾದರೆ 903.3ರಿಂದ ಭಾಗಿಸಿದರಾಯಿತು. ಸಿಕ್ಕಿದ್ದು ಪೂರ್ತಿ ಬೆಳಕಿನ ಎಷ್ಟು ಪಾಲು ಬೇಕು ಎಂಬ ಲೆಕ್ಕ. ಕಣ್ಣಿಗೆ ಅರ್ಧ, ಅಂದರೆ 50 ಅನಿಸಬೇಕಾದರೆ ಬೇಕಾದದ್ದು ಶೇಕಡಾ 18.4 ಬೆಳಕು ಮಾತ್ರ. ತಿರುಗಿಸಿ ನೋಡಿದರೆ, ನಿಜವಾಗಿ ಅರ್ಧ ಬೆಳಕು ಕೊಟ್ಟಾಗ ಕಣ್ಣಿಗೆ 76ರಷ್ಟು ಕಾಣುತ್ತದೆ. ಬೆಳಕಿನ ಮೊದಲ ಶೇಕಡಾ 10ರೊಳಗೆ ಕಣ್ಣಿನ ಅಳತೆಯ 38 ಭಾಗ ಮುಗಿದುಹೋಗುತ್ತದೆ. ಸ್ಲೈಡರಿನ ಕೆಳತುದಿಯಲ್ಲಿ ಎಲ್ಲವೂ ಇಕ್ಕಟ್ಟಾಗುವುದು ಇದರಿಂದಲೇ.

ಆದ್ದರಿಂದ ಸ್ಲೈಡರಿಗೂ ಎಲ್‌ಇಡಿಗೂ ನಡುವೆ ಎಲ್ಲಿಯಾದರೂ ಒಂದು ಬಾಗು, ಅಂದರೆ ಸ್ಲೈಡರಿನ ಸ್ಥಾನವನ್ನು ಕಣ್ಣಿಗೆ ಹೊಂದುವಷ್ಟು ಬೆಳಕಿಗೆ ತಿರುಗಿಸುವ ಲೆಕ್ಕ, ಇರಲೇಬೇಕು. ಅದು ಚಿಪ್ಪಿನೊಳಗೆ ಇರಬಹುದು, ಕರ್ನಲ್‌ನ ಟೇಬಲ್‌ನಲ್ಲಿ ಇರಬಹುದು, ಡೆಸ್ಕ್‌ಟಾಪಿನಲ್ಲಿಯೂ ಇರಬಹುದು. ಒಂದೇ ಕಡೆ ಇರಬೇಕು, ಉಳಿದವರಿಗೆ ಅದು ಎಲ್ಲಿ ಉಂಟು ಎಂದು ತಿಳಿದಿರಬೇಕು. ಎಲ್ಲಿಯೂ ಇಲ್ಲದಿದ್ದರೆ ಏನಾಗುತ್ತದೆ ಎಂದು ಈಗಷ್ಟೇ ನೋಡಿದೆವು. ಎರಡು ಕಡೆ ಇದ್ದರೆ ಅದಕ್ಕಿಂತ ಕಷ್ಟ. ಸಿಐಇ ಸೂತ್ರವನ್ನು ಒಂದರ ಮೇಲೊಂದು ಎರಡು ಸಲ ಹಾಕಿದರೆ, ಸ್ಲೈಡರ್ ಅರ್ಧದಲ್ಲಿದ್ದಾಗ ಬರುವ ಬೆಳಕು ಶೇಕಡಾ 2.6. ಮಳೆಗಾಲದ ಮೋಡ ಕವಿದ ಹಗಲಿನಲ್ಲೂ ಅಂಥ ಪರದೆಯನ್ನು ಓದಲಿಕ್ಕಾಗದು.

ಸ್ಕೇಲ್ ಫೈಲು ಹೇಳುವುದೇನು

ಸಿಸ್/ಕ್ಲಾಸ್/ಬ್ಯಾಕ್‌ಲೈಟ್ ಫೋಲ್ಡರಿನಲ್ಲಿ ಪ್ರತಿ ಬ್ಯಾಕ್‌ಲೈಟಿಗೂ ಒಂದು ಉಪಫೋಲ್ಡರ್ ಇರುತ್ತದೆ. ಅದರೊಳಗೆ ಬ್ರೈಟ್‌ನೆಸ್, ಮ್ಯಾಕ್ಸ್_ಬ್ರೈಟ್‌ನೆಸ್, ಆಕ್ಚುವಲ್_ಬ್ರೈಟ್‌ನೆಸ್, ಬಿಎಲ್_ಪವರ್, ಟೈಪ್ ಎಂಬ ಫೈಲುಗಳ ಜೊತೆ ಲಿನಕ್ಸ್ 5.4ರಿಂದ ಈಚೆಗೆ ಸ್ಕೇಲ್ ಎಂಬುದೂ ಉಂಟು. ಅದರಲ್ಲಿ ಇರಬಹುದಾದದ್ದು ಮೂರೇ ಮಾತು.

ಲೀನಿಯರ್ ಎಂದಿದ್ದರೆ ಪ್ರತಿ ಹಂತಕ್ಕೂ ಬೆಳಕು ಸಮನಾಗಿ ಏರುತ್ತದೆ, ಹಾಗಾಗಿ ಬಾಗು ಹಾಕುವ ಕೆಲಸ ಮೇಲಿನ ಸಾಫ್ಟ್‌ವೇರಿನದ್ದು. ನಾನ್-ಲೀನಿಯರ್ ಎಂದಿದ್ದರೆ ಬಾಗು ಕೆಳಗೇ ಉಂಟು, ಸ್ಲೈಡರ್ ತನ್ನ ಸ್ಥಾನವನ್ನು ನೇರವಾಗಿ ಹಂತದ ಸಂಖ್ಯೆಯಾಗಿ ಕಳಿಸಿದರೆ ಸಾಕು. ಅನ್‌ನೋನ್ ಎಂದಿದ್ದರೆ ಡ್ರೈವರ್ (ಆ ಹಾರ್ಡ್‌ವೇರನ್ನು ನಡೆಸುವ ಕರ್ನಲ್‌ನ ಕೋಡು) ಬರೆದವರು ಈ ವಿಷಯ ಹೇಳಲೇ ಇಲ್ಲ ಎಂದರ್ಥ. ಈ ಹೆಸರುಗಳು ಎಷ್ಟೋ ಜನರನ್ನು ತಲೆಕೆಳಗು ಮಾಡುತ್ತವೆ: ಲೀನಿಯರ್ ಎಂದರೆ ಕಣ್ಣಿಗೆ ಸಮ ಎಂದಲ್ಲ, ಬೆಳಕಿನ ಲೆಕ್ಕದಲ್ಲಿ ಸಮ ಎಂದು. ಕಣ್ಣಿಗೆ ಸಮನಾಗಿ ಕಾಣುವುದು ನಾನ್-ಲೀನಿಯರ್ ಎಂಬುದೇ.

ಇದು ಒಂದು ಘೋಷಣೆ ಮಾತ್ರ, ಬೆಳಕನ್ನು ಇದು ಬದಲಿಸುವುದಿಲ್ಲ. ಎಲ್ಲ ಡೆಸ್ಕ್‌ಟಾಪುಗಳೂ ಈ ಫೈಲನ್ನು ಓದಿಯೇ ಮುಂದುವರಿಯುತ್ತವೆ ಎಂದು ನಂಬಬೇಡಿ. ನಿಮ್ಮದು ಓದುತ್ತದೆಯೇ ಎಂದು ಪರೀಕ್ಷಿಸುವುದು ಸುಲಭ. ಸ್ಲೈಡರನ್ನು ಸರಿಯಾಗಿ ನಡುವೆ ನಿಲ್ಲಿಸಿ, ಬ್ರೈಟ್‌ನೆಸ್ ಫೈಲು ತೆರೆಯಿರಿ. ಅದು ಮ್ಯಾಕ್ಸ್_ಬ್ರೈಟ್‌ನೆಸ್‌ನ ಅರ್ಧವಿದ್ದರೆ ಮೇಲಿನವರು ಬಾಗು ಹಾಕುತ್ತಿಲ್ಲ. ಬಹಳ ಕೆಳಗಿದ್ದರೆ ಹಾಕುತ್ತಿದ್ದಾರೆ.

ತೂಗಬೇಕಾದ ವಿಷಯಗಳು

ಮೊದಲ ಪ್ರಶ್ನೆ, ಪರದೆಯನ್ನು ಯಾವ ಬೆಳಕಿನಲ್ಲಿ ನೋಡುತ್ತಾರೆ ಎಂಬುದು. ಅಂಗಡಿಯ ಪರದೆಗೆ ಕೆಳತುದಿಯೇ ಬೇಡ, ಬಿಸಿಲಿಗೆ ಎದುರಾಗಿ ಹೊಳೆದರಾಯಿತು. ಭಾಗವತರ ಟ್ಯಾಬ್ಲೆಟಿಗೆ ಕೆಳತುದಿಯೇ ಪ್ರಾಣ. ರಂಗದ ದೀಪ ತಗ್ಗಿದ ಹೊತ್ತಿಗೆ ಪರದೆ ಕಣ್ಣು ಕುಕ್ಕಬಾರದು, ಪದ್ಯವೂ ಮಸುಕಾಗಬಾರದು. ಎರಡನೆಯದು, ಪಿಡಬ್ಲ್ಯೂಎಂಗೆ ನಿಜವಾಗಿ ಎಷ್ಟು ಹಂತ ಸಿಗುತ್ತದೆ ಎಂಬುದು. ಮೂರನೆಯದು, ಎಲ್‌ಇಡಿಗೆ ಕರೆಂಟು ಕೊಡುವ ಡ್ರೈವರ್ ಚಿಪ್ಪು ಎಷ್ಟು ಕಡಿಮೆ ಡ್ಯೂಟಿಗೆ ಹೊತ್ತಿಕೊಳ್ಳುತ್ತದೆ ಎಂಬುದು. ಇದು ಡೇಟಾಶೀಟಿನಲ್ಲಿ ಇರುತ್ತದೆ. ಕೊನೆಗೆ, ನಿಮ್ಮ ಕೈಗೆ ಏನು ಸಿಗುತ್ತದೆ ಎಂಬುದೂ ಮುಖ್ಯ. ಡಿವೈಸ್ ಟ್ರೀ ತಿದ್ದಿ ಹೊಸದಾಗಿ ಕಂಪೈಲ್ ಮಾಡಬಲ್ಲಿರೋ, ಅಥವಾ ತಯಾರಾಗಿ ಬಂದ ಲ್ಯಾಪ್‌ಟಾಪಿನ ಮೇಲೆ ಒಂದು ಸ್ಕ್ರಿಪ್ಟ್ ಹಾಕುವಷ್ಟು ಮಾತ್ರ ಸ್ವಾತಂತ್ರ್ಯವೋ?

ಇನ್‌ವರ್ಟರಿನ ಮೇಲೆ ನಡೆಸುವವರಿಗೆ ಇನ್ನೂ ಒಂದು ಲೆಕ್ಕ ಉಂಟು. ಬ್ಯಾಕ್‌ಲೈಟ್ ತಿನ್ನುವ ಕರೆಂಟು ಡ್ಯೂಟಿಗೆ ಸರಿಸುಮಾರು ಅನುಪಾತದಲ್ಲಿ ಹೋಗುತ್ತದೆ, ಕಣ್ಣಿನ ಲೆಕ್ಕಕ್ಕಲ್ಲ. ಪೂರ್ತಿ ಬೆಳಕಿಗೆ 4 ವ್ಯಾಟ್ ಬೇಕಾದ ಪರದೆಯನ್ನು ಕಣ್ಣಿಗೆ ಅರ್ಧ ಕಾಣುವಷ್ಟಕ್ಕೆ ಇಳಿಸಿದರೆ ಸಾಕು, ಅದು ಮುಕ್ಕಾಲು ವ್ಯಾಟಿಗೆ ಬಂದು ನಿಲ್ಲುತ್ತದೆ. ಸ್ಲೈಡರ್ ಲೀನಿಯರ್ ಆಗಿದ್ದರೆ ಬಳಸುವವರು ಅಷ್ಟು ಕೆಳಗೆ ಎಳೆಯುವುದೇ ಇಲ್ಲ, ನಡುವೆ ನಿಲ್ಲಿಸಿ 2 ವ್ಯಾಟ್ ಕಳೆಯುತ್ತಾರೆ. ಆಷಾಢದಲ್ಲಿ ಗಂಟೆಗಟ್ಟಲೆ ಕರೆಂಟು ಹೋಗುವ ಊರಿನಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ನೇರ ಅಳತೆ

ಅತಿ ಸರಳವಾದದ್ದು ಇದು. ಡಿವೈಸ್ ಟ್ರೀಯ ಪಿಡಬ್ಲ್ಯೂಎಂ-ಬ್ಯಾಕ್‌ಲೈಟ್ ನೋಡಿನಲ್ಲಿ (ನೋಡ್ ಎಂದರೆ ಒಂದು ಸಾಧನದ ವಿವರ ಇರುವ ವಿಭಾಗ) ಬ್ರೈಟ್‌ನೆಸ್-ಲೆವೆಲ್ಸ್ ಎಂಬಲ್ಲಿ 0 ಮತ್ತು 255 ಎಂಬ ಎರಡೇ ಸಂಖ್ಯೆ ಕೊಟ್ಟು, ನಮ್-ಇಂಟರ್‌ಪೊಲೇಟೆಡ್-ಸ್ಟೆಪ್ಸ್ ಎಂಬುದನ್ನು 255 ಮಾಡಿ. 0ರಿಂದ 255ರವರೆಗೆ 256 ಹಂತ ತಯಾರಾಗುತ್ತದೆ, ಎಲ್ಲವೂ ಸಮ ಅಂತರದಲ್ಲಿ. ಕರ್ನಲ್ ಇದನ್ನು ತಾನೇ ನೋಡಿ ಸ್ಕೇಲ್ ಫೈಲಿನಲ್ಲಿ ಲೀನಿಯರ್ ಎಂದು ಬರೆಯುತ್ತದೆ.

ಇದರ ದೊಡ್ಡ ಗುಣವೆಂದರೆ ಯಾವುದೂ ಮುಚ್ಚಿಟ್ಟದ್ದಿಲ್ಲ. ಬಾಗನ್ನು ನಿಮ್ಮದೇ ಸಾಫ್ಟ್‌ವೇರ್ ಹಾಕುವುದಾದರೆ, ಬೆಳಕನ್ನು ನಿಧಾನವಾಗಿ ಇಳಿಸುವ ಅನಿಮೇಶನ್ ಅಥವಾ ಸುತ್ತಲಿನ ಬೆಳಕು ನೋಡಿ ಹೊಂದಿಸುವ ಸೆನ್ಸರ್ ಇದ್ದರೆ, ಕೆಳಗೆ ನೇರ ಅಳತೆ ಇರುವುದೇ ಒಳ್ಳೆಯದು. ಬೆಳಕಿನ ಲೆಕ್ಕ ಮಾಡುವವರಿಗೆ ನಿಜವಾದ ಸಂಖ್ಯೆ ಸಿಗುತ್ತದೆ.

ಕೆಳತುದಿಯಲ್ಲಿ ಮಾತ್ರ 256 ಹಂತ ಸಾಲದು. 1ನೇ ಹಂತದಿಂದ 2ನೇ ಹಂತಕ್ಕೆ ಹೋದರೆ ಬೆಳಕು ದುಪ್ಪಟ್ಟು. ಕಣ್ಣಿನ ಅಳತೆಯಲ್ಲಿ 3.5ರಿಂದ 7ಕ್ಕೆ ಜಿಗಿದಂತೆ. ಮೇಲ್ತುದಿಯಲ್ಲಿ 254ರಿಂದ 255ಕ್ಕೆ ಹೋದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಹಂತಗಳೆಲ್ಲ ಬೇಡದ ಕಡೆ ರಾಶಿ ಬಿದ್ದಿರುತ್ತವೆ.

ಕನಿಷ್ಠ ಡ್ಯೂಟಿಯ ತೊಂದರೆಗೆ ಇಲ್ಲಿ ಒಂದು ಚೊಕ್ಕ ಉಪಾಯ ಉಂಟು. ಪ್ಯಾನೆಲ್‌ಗೆ ಶೇಕಡಾ 3ಕ್ಕಿಂತ ಕಡಿಮೆ ಡ್ಯೂಟಿ ಕೊಡಬಾರದು ಎಂದಿದ್ದರೆ, ಎರಡು ಸಂಖ್ಯೆಗಳನ್ನು 8 ಮತ್ತು 255 ಮಾಡಿ, ನಡುವಿನ ಹಂತ 247 ಇಡಿ. ಬ್ರೈಟ್‌ನೆಸ್ 0 ಎಂದು ಬರೆದಾಗ ಡ್ರೈವರ್ ದೀಪವನ್ನು ಹೇಗೂ ಆರಿಸಿಯೇ ಬಿಡುತ್ತದೆ, ಟೇಬಲ್‌ನ ಮೊದಲ ಸಂಖ್ಯೆಯನ್ನು ಅದು ಬಳಸುವುದಿಲ್ಲ. 1 ಎಂದು ಬರೆದರೆ 8ರ ಮೇಲಿನ ಸುರಕ್ಷಿತ ಬೆಳಕಿನಿಂದಲೇ ಆರಂಭ. ಕೆಲವು ಕ್ರೋಮ್‌ಬುಕ್‌ಗಳ ಡಿವೈಸ್ ಟ್ರೀಯಲ್ಲಿ ಹೀಗೆಯೇ ಬರೆದದ್ದು ಉಂಟು.

ಕೈಯಿಂದ ಬರೆದ ಸಣ್ಣ ಟೇಬಲ್

ಹಳೆಯ ಬೋರ್ಡುಗಳಲ್ಲಿ ಎಲ್ಲೆಲ್ಲೂ ಕಾಣುವುದು ಈ ಸಾಲು: 0 4 8 16 32 64 128 255. ಎಂಟು ಹಂತ, ಮ್ಯಾಕ್ಸ್_ಬ್ರೈಟ್‌ನೆಸ್ 7. ಪ್ರತಿ ಹಂತಕ್ಕೂ ದುಪ್ಪಟ್ಟು. ಬರೆಯಲು ಎರಡು ನಿಮಿಷ ಸಾಕು. ಅಂಗಡಿಯ ಪರದೆಗೆ ಎರಡೋ ಮೂರೋ ಹಂತ ಮಾತ್ರ ಬಳಸುವುದಾದರೆ ಇದೇ ಧಾರಾಳ.

ದುಪ್ಪಟ್ಟು ಮಾಡುತ್ತ ಹೋದರೆ ಕಣ್ಣಿಗೆ ಸಮ ಎಂಬ ನಂಬಿಕೆ ಮಾತ್ರ ಪೂರ್ತಿ ಸರಿಯಲ್ಲ. ಆ ಎಂಟು ಸಂಖ್ಯೆಗಳನ್ನು ಕಣ್ಣಿನ ಅಳತೆಗೆ ತಿರುಗಿಸಿದರೆ 0, 13, 21, 30, 42, 57, 76, 100 ಎಂದು ಬರುತ್ತದೆ. ಸೊನ್ನೆಯಿಂದ ಮೊದಲ ಜಿಗಿತ 13, ಆಮೇಲಿನ ಅಂತರ 8, 9, 12, 15, 19, 24 ಎಂದು ಏರುತ್ತಲೇ ಹೋಗುತ್ತದೆ. ಕೊನೆಯ ಒಂದು ಒತ್ತಿಗೆ ಪರದೆ ಕಣ್ಣಿಗೆ ರಾಚುವುದು ಅದಕ್ಕೇ.

ಹಂತ ಕಡಿಮೆ ಇರುವುದರಿಂದ ಬರುವ ಇನ್ನೊಂದು ತೊಂದರೆಯನ್ನು ಹಿಡಿಯಲು ಜನ ದಿನಗಟ್ಟಲೆ ಒದ್ದಾಡುತ್ತಾರೆ. ಬೆಳಕಿನ ಕೀಲಿ ಒತ್ತಿದಾಗ ಶೇಕಡಾ 5 ಏರಿಸುವ ಸ್ಕ್ರಿಪ್ಟ್ ಇದೆ ಎನ್ನಿ. 7ರ ಶೇಕಡಾ 5 ಎಂದರೆ 0.35. ಪೂರ್ಣಾಂಕದ ಲೆಕ್ಕದಲ್ಲಿ ಅದು ಸೊನ್ನೆ. ಕೀಲಿ ಒತ್ತಿದರೂ ಏನೂ ಆಗುವುದಿಲ್ಲ, ಎಲ್ಲರೂ ಕೀಬೋರ್ಡನ್ನು ಬೈಯುತ್ತಾರೆ. ಲೆಕ್ಕ ಸೊನ್ನೆ ಬಂದರೆ ಕನಿಷ್ಠ 1 ಏರಿಸು ಎಂದು ಸ್ಕ್ರಿಪ್ಟಿನಲ್ಲಿ ಬರೆದರೆ ಮುಗಿಯಿತು.

ಟೇಬಲ್ ಮತ್ತು ನಡುವಿನ ಹಂತ

ಕೈಯಲ್ಲಿ ಡಿವೈಸ್ ಟ್ರೀ ಇದ್ದು, ಪ್ಯಾನೆಲ್ ಯಾವುದೆಂದು ಗೊತ್ತಿದ್ದು, ಒಂದು ಸಂಜೆ ಕೂರುವಷ್ಟು ವ್ಯವಧಾನವಿದ್ದರೆ ಈ ದಾರಿಯೇ ಎಲ್ಲಕ್ಕಿಂತ ಮೇಲು. ಬಾಗಿನ ಮುಖ್ಯ ಬಿಂದುಗಳನ್ನು ನೀವು ಕೊಡುತ್ತೀರಿ, ಅವುಗಳ ನಡುವೆ ಗೆರೆ ಎಳೆದು ಹಂತ ತುಂಬಿಸುವುದು ಕರ್ನಲ್‌ನ ಕೆಲಸ.

ಸಿಐಇ ಸೂತ್ರದಿಂದ 65535ರ ಅಳತೆಗೆ ತೆಗೆದ ಹನ್ನೊಂದು ಬಿಂದುಗಳು ಇಲ್ಲಿವೆ, ಹಾಗೆಯೇ ಎತ್ತಿಕೊಳ್ಳಬಹುದು:

0 738 1959 4087 7373 12071 18431 26705 37146 50005 65535

ನಮ್-ಇಂಟರ್‌ಪೊಲೇಟೆಡ್-ಸ್ಟೆಪ್ಸ್ 20 ಎಂದು ಕೊಟ್ಟರೆ ಹತ್ತು ಅಂತರಗಳಿಗೆ ಇಪ್ಪತ್ತರಂತೆ 200, ಆರಂಭದ್ದು ಒಂದು, ಒಟ್ಟು 201 ಹಂತ. ಮ್ಯಾಕ್ಸ್_ಬ್ರೈಟ್‌ನೆಸ್ 200. ನಡುವಿನ 100ನೇ ಹಂತಕ್ಕೆ ಡ್ಯೂಟಿ ಶೇಕಡಾ 18.4. ಕೊನೆಯ ಸಂಖ್ಯೆಯೇ ಶೇಕಡಾ 100 ಡ್ಯೂಟಿ ಆದ್ದರಿಂದ 65535ರ ಬದಲು 1000 ಎಂಬ ಅಳತೆಗೂ ಬರೆಯಬಹುದು. ಆದರೆ ಆಗ ಮೊದಲ ಅಂತರ 0ರಿಂದ 11 ಮಾತ್ರ. ಅದರಲ್ಲಿ 20 ಹಂತ ತುರುಕಿದರೆ ಒಂದೇ ಸಂಖ್ಯೆ ಎರಡೆರಡು ಸಲ ಬರುತ್ತದೆ, ಸ್ಲೈಡರ್ ಸರಿಯುತ್ತದೆ, ಬೆಳಕು ಸರಿಯುವುದಿಲ್ಲ. ಅದಕ್ಕೇ ಅಳತೆ ದೊಡ್ಡದಿಡಿ.

ಇಲ್ಲಿ ಎಡವುವ ಜಾಗ ಡೀಫಾಲ್ಟ್-ಬ್ರೈಟ್‌ನೆಸ್-ಲೆವೆಲ್. ಅದು ನೀವು ಬರೆದ ಹನ್ನೊಂದು ಸಂಖ್ಯೆಗಳ ಸಾಲಿನಲ್ಲಿ ಎಷ್ಟನೆಯದು ಎಂಬುದಲ್ಲ, ತುಂಬಿಸಿದ ಮೇಲಿನ 201 ಹಂತಗಳಲ್ಲಿ ಎಷ್ಟನೆಯದು ಎಂಬುದು. ಮೊದಲು 6 ಎಂದಿದ್ದದ್ದನ್ನು ಹಾಗೆಯೇ ಬಿಟ್ಟು ನಡುವಿನ ಹಂತ ಸೇರಿಸಿದರೆ, ಬೂಟ್ ಆಗುವಾಗ ಸಿಗುವುದು 6ನೇ ಹಂತ. 738ರ ಇಪ್ಪತ್ತರಲ್ಲಿ ಆರು ಪಾಲು, ಅಂದರೆ 221. ಶೇಕಡಾ 0.34 ಡ್ಯೂಟಿ. ಪರದೆ ಸತ್ತ ಹಾಗೆಯೇ ಕಾಣುತ್ತದೆ. ಕೇಬಲ್ ಬಿಚ್ಚಿ ಜೋಡಿಸುವ ಮೊದಲು ಕತ್ತಲೆಯಲ್ಲಿ ಟಾರ್ಚ್ ಹಿಡಿದು ಓರೆಯಾಗಿ ನೋಡಿ. ಅಕ್ಷರ ಮಸುಕಾಗಿ ಕಂಡರೆ ಪ್ಯಾನೆಲ್ ಸರಿ ಉಂಟು, ಸಂಖ್ಯೆ ತಪ್ಪಿದೆ.

ಚಿಪ್ಪಿನ ಕನಿಷ್ಠ ಡ್ಯೂಟಿ ಶೇಕಡಾ 1 ಆಗಿದ್ದರೆ ಮೊದಲ 0ಯನ್ನು ತೆಗೆದು 738ರಿಂದಲೇ ಆರಂಭಿಸಿ, ಆಗ ಹತ್ತು ಬಿಂದು, 181 ಹಂತ. ಹೊತ್ತಿಯೂ ಹೊತ್ತದೆ ಮಿಣುಕುವ ಆ ಕೆಳಗಿನ ತುಂಡು ಪೂರ್ತಿ ಹೋಗುತ್ತದೆ.

ಸ್ಕೇಲ್ ಫೈಲಿಗೆ ಏನು ಬರೆಯಬೇಕೆಂದು ಡ್ರೈವರ್ ನಿರ್ಧರಿಸುವುದು ಹೀಗೆ. ಮೊದಲ ಮತ್ತು ಕೊನೆಯ ಸಂಖ್ಯೆಗಳ ನಡುವೆ ನೇರ ಗೆರೆ ಎಳೆದು, ಟೇಬಲ್‌ನ ಯಾವುದಾದರೂ ಹಂತ ಆ ಗೆರೆಯಿಂದ ಒಟ್ಟು ವ್ಯಾಪ್ತಿಯ ಶೇಕಡಾ 5ಕ್ಕಿಂತ ಹೆಚ್ಚು ದೂರ ಸರಿದರೆ ನಾನ್-ಲೀನಿಯರ್, ಇಲ್ಲವಾದರೆ ಲೀನಿಯರ್. ಮೇಲಿನ ಟೇಬಲ್ ನಡುವೆ ಶೇಕಡಾ 30ರಷ್ಟು ಕೆಳಗೆ ಜೋತುಬಿದ್ದಿರುವುದರಿಂದ ಅನುಮಾನವೇ ಇಲ್ಲ. ತುಸು ಮಾತ್ರ ಬಾಗಿದ ಟೇಬಲ್ ಬರೆದವರು, ಅಥವಾ ಬೆರಳೆಣಿಕೆಯ ಹಂತ ಇಟ್ಟವರು, ಈ ತೀರ್ಮಾನವನ್ನು ನಂಬಿ ಕೂರದೆ ಫೈಲನ್ನೊಮ್ಮೆ ತೆರೆದು ನೋಡಬೇಕು.

ಕರ್ನಲ್‌ಗೇ ಬಿಡುವುದು

ಬ್ರೈಟ್‌ನೆಸ್-ಲೆವೆಲ್ಸ್ ಎಂಬುದನ್ನೇ ಬರೆಯದೆ ಬಿಟ್ಟರೆ ಪಿಡಬ್ಲ್ಯೂಎಂ ಡ್ರೈವರ್ ತಾನೇ ಸಿಐಇ ಟೇಬಲ್ ತಯಾರಿಸುತ್ತದೆ. ಸ್ಕೇಲ್ ನಾನ್-ಲೀನಿಯರ್ ಎಂದು ಘೋಷಣೆಯಾಗುತ್ತದೆ, ಆರಂಭದ ಬೆಳಕು ನಡುವಿನ ಹಂತ. ಹಂತಗಳ ಸಂಖ್ಯೆ ಪಿಡಬ್ಲ್ಯೂಎಂ ಅವಧಿಯ (ಒಂದು ಸಲ ಹೊತ್ತಿ ಆರುವ ಸಮಯದ) ಮೇಲೆ ನಿಲ್ಲುತ್ತದೆ, ಆದರೆ 4096ನ್ನು ಮೀರುವುದಿಲ್ಲ. ಅವಧಿ 50000 ನ್ಯಾನೋಸೆಕೆಂಡ್, ಅಂದರೆ 20 ಕಿಲೋಹರ್ಟ್ಸ್ ಆದರೆ 3125 ಹಂತ. 200 ಹರ್ಟ್ಸ್ ಆದರೆ ಪೂರ್ತಿ 4096.

ಬರೆಯಬೇಕಾದದ್ದು ಏನೂ ಇಲ್ಲ, ತಪ್ಪಲು ಜಾಗವೂ ಕಡಿಮೆ. ಹೊಸ ಬೋರ್ಡ್ ತಂದ ದಿನ ಇದನ್ನೇ ಮೊದಲು ಹಾಕಿ ನೋಡಿ ಎಂದು ನಿಸ್ಸಂಕೋಚವಾಗಿ ಹೇಳಬಹುದು. ಕಾಲೇಜಿನ ಪ್ರಾಜೆಕ್ಟಿಗಾದರೆ ಮುಂದೆ ಓದುವ ಅಗತ್ಯವೂ ಬೀಳದು.

ಆದರೆ ಈ ಟೇಬಲ್‌ಗೆ ನಿಮ್ಮ ಹಾರ್ಡ್‌ವೇರಿನ ಪರಿಚಯವಿಲ್ಲ. 24 ಮೆಗಾಹರ್ಟ್ಸ್ ಗಡಿಯಾರದ ಮೇಲೆ 20 ಕಿಲೋಹರ್ಟ್ಸ್ ಪಿಡಬ್ಲ್ಯೂಎಂ ನಡೆಸಿದರೆ ಒಂದು ಅವಧಿಗೆ ಸಿಗುವುದು 1200 ತುಂಡು ಮಾತ್ರ. 3125 ಹಂತ ಎಂದು ಕರ್ನಲ್ ತೋರಿಸಿದರೂ ಕೆಳಗಿನ ಅನೇಕ ಹಂತಗಳು ಒಂದೇ ಡ್ಯೂಟಿಗೆ ಬಂದು ಬೀಳುತ್ತವೆ. ಆವರ್ತನ ಇಳಿಸಿದರೆ ತುಂಡು ಹೆಚ್ಚುತ್ತದೆ, ಅದರ ಜೊತೆಗೆ ಮಿಣುಕೂ. 200 ಹರ್ಟ್ಸಿನ ಪರದೆಯನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿದರೆ ಪಟ್ಟೆ ಪಟ್ಟೆ ಕಾಣಬಹುದು, ಆಟದ ನೇರ ಪ್ರಸಾರ ಮಾಡುವ ಕಡೆ ಇದು ಸಲ್ಲದು. ಕೆಲವು ಕಿಲೋಹರ್ಟ್ಸ್ ಇಟ್ಟರೆ ಸರ್ಕ್ಯೂಟಿನ ಕಾಯಿಲ್ (ತಂತಿ ಸುರುಳಿ) ಕೀರಲು ದನಿ ಹೊರಡಿಸಬಹುದು. ಚಿಪ್ಪಿನ ಡೇಟಾಶೀಟ್ ಒಪ್ಪುವುದಾದರೆ 20 ಕಿಲೋಹರ್ಟ್ಸ್ ಇಟ್ಟು, ಕೆಳಗಿನ ಕೆಲವು ಹಂತ ಕಳೆದುಕೊಳ್ಳುವುದೇ ಲೇಸು. ಕನಿಷ್ಠ ಡ್ಯೂಟಿಯ ತೊಂದರೆ ಇರುವ ಪ್ಯಾನೆಲ್‌ಗೆ ಮಾತ್ರ ಈ ದಾರಿ ಒಗ್ಗುವುದಿಲ್ಲ, ಅಂಥದ್ದಕ್ಕೆ ಟೇಬಲ್ ಬರೆಯಲೇಬೇಕು.

ಚಿಪ್ಪಿನ ಬಾಗು

ಕೆಲವು ಬ್ಯಾಕ್‌ಲೈಟ್ ಚಿಪ್ಪುಗಳಲ್ಲಿ ಬಾಗು ಒಳಗೇ ಇರುತ್ತದೆ. ಟಿಐ ಕಂಪನಿಯ ಎಲ್‌ಎಂ3630ಎ ಅಂಥದ್ದು. ಅದರ ನೋಡಿನಲ್ಲಿ ಲೀನಿಯರ್-ಮ್ಯಾಪಿಂಗ್-ಮೋಡ್ ಎಂಬುದನ್ನು ಬರೆದರೆ ನೇರ, ಬರೆಯದಿದ್ದರೆ ಎಕ್ಸ್‌ಪೊನೆನ್ಷಿಯಲ್. ಹೊರಗಿನಿಂದ 256 ಹಂತ ಕಳಿಸಿದರೂ ಬಾಗನ್ನು ಚಿಪ್ಪೇ ಬಿಡಿಸುವುದರಿಂದ ಕೆಳತುದಿ ನಯವಾಗಿರುತ್ತದೆ. ಇಂಥ ಚಿಪ್ಪು ಇದ್ದರೆ ಕರ್ನಲ್‌ನಲ್ಲಿ ಇನ್ನೊಂದು ಬಾಗು ಹಾಕಬೇಡಿ. ಡ್ರೈವರನ್ನು ನೀವೇ ಬರೆಯುವುದಾದರೆ ಪ್ರಾಪರ್ಟಿಗಳಲ್ಲಿ ಸ್ಕೇಲ್‌ನ ಬೆಲೆಯನ್ನು ತುಂಬಿಸಲು ಮರೆಯಬೇಡಿ. ಬಿಟ್ಟರೆ ಅದು ಸೊನ್ನೆಯಾಗಿ ಉಳಿಯುತ್ತದೆ, ಸೊನ್ನೆ ಎಂದರೆ ಅನ್‌ನೋನ್.

ಮೇಲಿನಿಂದಲೇ ಸರಿಮಾಡುವುದು

ತಯಾರಾಗಿ ಬಂದ ಲ್ಯಾಪ್‌ಟಾಪಿನಲ್ಲಿ ಡಿವೈಸ್ ಟ್ರೀ ತಿದ್ದುವ ಪ್ರಶ್ನೆಯೇ ಬರುವುದಿಲ್ಲ. ಅಲ್ಲಿ ಇರುವುದು ಎಸಿಪಿಐ, ಅಂದರೆ ಲ್ಯಾಪ್‌ಟಾಪಿನ ಫರ್ಮ್‌ವೇರ್ ತನ್ನ ಹಾರ್ಡ್‌ವೇರಿನ ವಿವರವನ್ನು ಆಪರೇಟಿಂಗ್ ಸಿಸ್ಟಮ್‌ಗೆ ಕೊಡುವ ವ್ಯವಸ್ಥೆ. ಅದರ _ಬಿಸಿಎಲ್ ಎಂಬ ಪಟ್ಟಿಯಲ್ಲಿ ಶೇಕಡಾ ಲೆಕ್ಕದ ಹಂತಗಳಿರುತ್ತವೆ. ಮೊದಲ ಎರಡು ಸಂಖ್ಯೆ ಕರೆಂಟಿನ ಮೇಲೆ ಮತ್ತು ಬ್ಯಾಟರಿಯ ಮೇಲೆ ಇರಬೇಕಾದ ಬೆಳಕು, ಉಳಿದದ್ದು ಬಳಸಬಹುದಾದ ಹಂತ. ಅವು ಯಾವ ಬಾಗಿನವು ಎಂಬ ಮಾತೇ ಅಲ್ಲಿಲ್ಲ. ಶಾಲೆಯ ಲ್ಯಾಪ್‌ಟಾಪಿನ ಬ್ಯಾಕ್‌ಲೈಟ್ ಫೋಲ್ಡರಿನಲ್ಲಿ ಎಸಿಪಿಐ_ವಿಡಿಯೋ0 ಮತ್ತು ಇಂಟೆಲ್_ಬ್ಯಾಕ್‌ಲೈಟ್ ಎರಡೂ ಕಂಡರೆ, ಒಂದಕ್ಕೆ ಬರೆದದ್ದು ಪರದೆಯ ಮೇಲೆ ಕಾಣದೆ ಹೋದರೆ, ಬೂಟ್ ಆಗುವಾಗ ಕರ್ನಲ್‌ಗೆ ಕೊಡುವ ಆಯ್ಕೆಗಳ ಸಾಲಿಗೆ ಎಸಿಪಿಐ_ಬ್ಯಾಕ್‌ಲೈಟ್=ನೇಟಿವ್ ಸೇರಿಸಿ ಬೂಟ್ ಮಾಡಿ ನೋಡಿ.

ಬಾಗು ಹಾಕಲು ಬ್ರೈಟ್‌ನೆಸ್‌ಸಿಟಿಎಲ್ ಎಂಬ ಪುಟ್ಟ ಪ್ರೋಗ್ರಾಮ್ ಸಾಕು. ಮೈನಸ್ ಇ ಆಯ್ಕೆಯೊಂದಿಗೆ ಘಾತ ಕೊಟ್ಟರೆ ಶೇಕಡಾ ಲೆಕ್ಕ ಬಾಗುತ್ತದೆ. ಘಾತ 2 ಆದರೆ ನಡುವಿಗೆ ಶೇಕಡಾ 25 ಬೆಳಕು, 3 ಆದರೆ 12.5, 4 ಆದರೆ 6.25. ಸಿಐಇಯ 18.4ಕ್ಕೆ 2 ಮತ್ತು 3ರ ನಡುವಿನದ್ದು ಹತ್ತಿರ. ಹಗಲು ಬೆಳಕಿನ ಲ್ಯಾಬಿಗೆ 2 ಸಾಕು, ರಾತ್ರಿ ಬಳಸುವವರಿಗೆ 3. ಘಾತ 4 ಇಟ್ಟರೆ ಹಗಲಿನಲ್ಲಿ ಸ್ಲೈಡರಿನ ಕೆಳಗಿನ ಅರ್ಧ ಬರಿ ಕತ್ತಲೆ. ಸ್ಕೇಲ್ ಫೈಲು ನಾನ್-ಲೀನಿಯರ್ ಎನ್ನುತ್ತಿದ್ದರೆ ಈ ಆಯ್ಕೆಯನ್ನು ಮುಟ್ಟಲೇಬೇಡಿ, ಎರಡು ಬಾಗು ಕೂಡಿ ಅದೇ ಶೇಕಡಾ 2.6ರ ಕತೆಯಾಗುತ್ತದೆ.

ಆಂಡ್ರಾಯ್ಡ್ ಟ್ಯಾಬ್ಲೆಟ್ ಕೊಳ್ಳುವವರಿಗೆ ಒಂದೇ ಮಾತು: 2018ರ ಆಂಡ್ರಾಯ್ಡ್ 9ರಿಂದ ಸ್ಲೈಡರಿನಲ್ಲೇ ಬಾಗು ಉಂಟು, ಅದಕ್ಕಿಂತ ಹಳೆಯದರಲ್ಲಿ ಇಲ್ಲ. ಆಟಕ್ಕೆ ಹಳೆಯ ಟ್ಯಾಬ್ಲೆಟ್ ಬಳಸುವುದಾದರೆ ಕೆಳತುದಿ ನಯವಾಗಿರುತ್ತದೆ ಎಂದು ನೆಚ್ಚಬೇಡಿ.

ಯಾರಿಗೆ ಯಾವುದು

ಅಂಗಡಿ, ಬಸ್ ನಿಲ್ದಾಣ, ದೇವಸ್ಥಾನದ ಸೇವಾ ಪಟ್ಟಿ ತೋರಿಸುವ ಪರದೆಗೆ ಎಂಟು ಹಂತದ ಟೇಬಲ್ ಸಾಕು, ಅದಕ್ಕಾಗಿ ನಿದ್ದೆಗೆಡಬೇಡಿ. ರಾತ್ರಿ ಓದುವ, ಬ್ಯಾಟರಿಯ ಮೇಲೆ ನಡೆಯುವ ಸಾಧನ ನೀವೇ ಕಟ್ಟುತ್ತಿದ್ದರೆ ಹನ್ನೊಂದು ಬಿಂದುಗಳ ಟೇಬಲ್, ನಡುವೆ 20 ಹಂತ, ಚಿಪ್ಪಿನ ಕನಿಷ್ಠ ಡ್ಯೂಟಿ ನೋಡಿ ಮೊದಲ ಸಂಖ್ಯೆ. ಪ್ಯಾನೆಲ್‌ನ ಡೇಟಾಶೀಟ್ ಸಿಗದೆ ಹೋದರೆ, ಸಮಯವೂ ಇಲ್ಲದಿದ್ದರೆ ಕರ್ನಲ್‌ಗೇ ಬಿಡಿ. ಬೆಳಕಿನ ಸೆನ್ಸರ್ ಇಟ್ಟು ನಿಮ್ಮದೇ ಲೆಕ್ಕ ಮಾಡುವುದಾದರೆ ನೇರ ಅಳತೆ, ಆದರೆ 256ಕ್ಕೆ ನಿಲ್ಲಿಸದೆ ಕೆಲವು ಸಾವಿರ ಹಂತ. ಲ್ಯಾಪ್‌ಟಾಪಿಗೆ ಸ್ಕ್ರಿಪ್ಟ್ ಬಿಟ್ಟರೆ ಬೇರೆ ದಾರಿ ಇಲ್ಲ, ಖರ್ಚೂ ಇಲ್ಲ. ಓಎಲ್‌ಇಡಿ ಪರದೆಗೆ ಬ್ಯಾಕ್‌ಲೈಟೇ ಇಲ್ಲದ್ದರಿಂದ ಈ ಪಿಡಬ್ಲ್ಯೂಎಂ ಟೇಬಲ್‌ಗಳ ಮಾತು ಅದಕ್ಕೆ ಹೊಂದುವುದಿಲ್ಲ.

ಬದಲಿಸಿದ ಮೇಲೆ

ಹೊಸ ಟೇಬಲ್ ಹಾಕಿ ಬೂಟ್ ಮಾಡಿದಾಗ ಪರದೆ ತೀರ ಮಂಕಾಗಿ ಬಂದರೆ ಲಿನಕ್ಸಿನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ಹಳೆಯ ನೆನಪು ಕಾರಣವಿರಬಹುದು. ಸಿಸ್ಟಮ್‌ಡಿ-ಬ್ಯಾಕ್‌ಲೈಟ್ ಎಂಬ ಸೇವೆ ಆಫ್ ಮಾಡುವಾಗ ಇದ್ದ ಹಂತದ ಸಂಖ್ಯೆಯನ್ನು ವಾರ್/ಲಿಬ್/ಸಿಸ್ಟಮ್‌ಡಿ/ಬ್ಯಾಕ್‌ಲೈಟ್ ಎಂಬಲ್ಲಿ ಬರೆದಿಟ್ಟು, ಬೂಟ್ ಆದಾಗ ಹಾಗೆಯೇ ಹಾಕುತ್ತದೆ. ಮೊದಲು 255ರಲ್ಲಿ 200 ಇದ್ದದ್ದು, ಈಗ 4095ರಲ್ಲಿ 200. ಪೂರ್ತಿ ಕತ್ತಲಾಗದಿರಲಿ ಎಂದು ಆ ಸೇವೆ ಶೇಕಡಾ 5ಕ್ಕಿಂತ ಕೆಳಗಿದ್ದದ್ದನ್ನು ಮೇಲೆತ್ತುತ್ತದೆ, ಇಲ್ಲಿ 204ಕ್ಕೆ. ಆದರೆ ಸಿಐಇ ಟೇಬಲ್‌ನಲ್ಲಿ ಶೇಕಡಾ 5ರ ಹಂತ ಎಂದರೆ ನಿಜವಾದ ಬೆಳಕು ಶೇಕಡಾ 0.55. ನೇರ ಅಳತೆಗೆ ಕಾಪಾಡುತ್ತಿದ್ದ ಈ ಮಿತಿ ಇಲ್ಲಿ ಕೈಕೊಡುತ್ತದೆ. ಬೆಳಕನ್ನು ಒಮ್ಮೆ ಏರಿಸಿ, ಸರಿಯಾಗಿ ಶಟ್‌ಡೌನ್ ಮಾಡಿ. ಅಥವಾ ಬರೆದಿಟ್ಟ ಆ ಫೈಲನ್ನು ಅಳಿಸಿ.

ಸ್ಲೈಡರ್ ಏರಿಸಿದಂತೆ ಬೆಳಕು ಇಳಿದರೆ ಟೇಬಲ್ ತಿರುಗಿಸಿ ಬರೆಯಬೇಡಿ. ಪಿಡಬ್ಲ್ಯೂಎಂ ಸಿಗ್ನಲ್ ತಲೆಕೆಳಗಾಗಿದೆ, ಪಿಡಬ್ಲ್ಯೂಎಂಎಸ್ ಸಾಲಿನ ಕೊನೆಯ ಪೋಲಾರಿಟಿ ಸಂಖ್ಯೆಯನ್ನು 0 ಇದ್ದರೆ 1, 1 ಇದ್ದರೆ 0 ಮಾಡಿ.

ಅಳೆದು ನೋಡಲು ಲಕ್ಸ್ ಮೀಟರ್ ಇದ್ದರೆ ಒಳ್ಳೆಯದು, ಇಲ್ಲವಾದರೆ ಮೊಬೈಲಿನ ಬೆಳಕಿನ ಸೆನ್ಸರ್ ಆಪ್ ಕೂಡ ನಡೆಯುತ್ತದೆ. ನಮಗೆ ಬೇಕಾದದ್ದು ಅನುಪಾತ ಮಾತ್ರ. ಪರದೆ ಪೂರ್ತಿ ಬಿಳಿ ಮಾಡಿ, ಬೆಳಕು ತಾನೇ ಹೊಂದಿಸಿಕೊಳ್ಳುವ ಆಯ್ಕೆಗಳನ್ನೆಲ್ಲ ಆರಿಸಿ, ಕಾಲು ಗಂಟೆ ಬಿಸಿಯಾಗಲು ಬಿಡಿ. ಕಿಟಕಿ ಮುಚ್ಚಿ, ಮೀಟರನ್ನು ಒಂದೇ ದೂರದಲ್ಲಿ ಅಲುಗದಂತೆ ಇಟ್ಟು, ಮೊದಲು ಬ್ಯಾಕ್‌ಲೈಟ್ ಪೂರ್ತಿ ಆರಿಸಿ ಕೋಣೆಯ ಬೆಳಕನ್ನು ಬರೆದುಕೊಳ್ಳಿ, ಪ್ರತಿ ಓದಿನಿಂದಲೂ ಅದನ್ನು ಕಳೆಯಿರಿ. ನಾನ್-ಲೀನಿಯರ್ ಎಂದು ಘೋಷಿಸಿದ್ದರೆ ಸ್ಲೈಡರಿನ ಕಾಲು, ಅರ್ಧ, ಮುಕ್ಕಾಲಿಗೆ ಪೂರ್ತಿ ಬೆಳಕಿನ ಶೇಕಡಾ 4.4, 18.4, 48.3ರ ಆಸುಪಾಸು ಬರಬೇಕು. ಅರ್ಧಕ್ಕೆ 50 ಬಂದರೆ ಬಾಗು ಎಲ್ಲಿಯೂ ಇಲ್ಲ. 3ಕ್ಕಿಂತ ಕಡಿಮೆ ಬಂದರೆ ಎರಡು ಕಡೆ ಉಂಟು. ಆಗ ಸ್ಲೈಡರನ್ನು ಅಲ್ಲೇ ಬಿಟ್ಟು ಬ್ರೈಟ್‌ನೆಸ್ ಫೈಲನ್ನೂ, ಡಿಬಗ್‌ಎಫ್‌ಎಸ್‌ನ (ಕರ್ನಲ್‌ನ ಒಳಸ್ಥಿತಿ ತೋರಿಸುವ ಫೋಲ್ಡರ್) ಪಿಡಬ್ಲ್ಯೂಎಂ ಫೈಲಿನಲ್ಲಿ ಕಾಣುವ ಡ್ಯೂಟಿಯನ್ನೂ ಒಟ್ಟಿಗೆ ಓದಿ. ಬ್ರೈಟ್‌ನೆಸ್ ಅರ್ಧಕ್ಕಿಂತ ತೀರ ಕಡಿಮೆಯಿದ್ದರೆ ಒಂದು ಬಾಗು ಮೇಲಿನ ಸಾಫ್ಟ್‌ವೇರಿನದ್ದು, ಆ ಸಂಖ್ಯೆಯಿಂದ ಡ್ಯೂಟಿಗೆ ಇಳಿಯುವಾಗ ಇನ್ನಷ್ಟು ಕುಗ್ಗಿದರೆ ಇನ್ನೊಂದು ಕರ್ನಲ್‌ನ ಟೇಬಲ್‌ನದ್ದು. ಡ್ಯೂಟಿಯೂ ಬೆಳಕೂ ಹೊಂದದಿದ್ದರೆ ಚಿಪ್ಪಿನೊಳಗೆ ನೋಡಬೇಕು.